ಹಲವು ವೇದಿಕೆಗಳ ತಂತ್ರಾಂಶಕ್ಕೆ ಬಿಲ್ಡ್ ಸಂರಚನಾ ವ್ಯವಸ್ಥೆಯ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಸೋರ್ಸ್ ಕೋಡ್ ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್‌ಓಎಸ್‌ಗಳಲ್ಲಿ ಬಿಲ್ಡ್ ಆಗಬೇಕೆಂದು, ಅಂದರೆ ಓಡಬಲ್ಲ ತಂತ್ರಾಂಶವಾಗಿ ಸಿದ್ಧವಾಗಬೇಕೆಂದು ಹೊರಟವರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ, ಸರಳವಾದವುಗಳಿಂದ ಕಠಿಣವಾದವುಗಳ ಕಡೆಗೆ ಜೋಡಿಸಲಾಗಿದೆ. ಸಿ ಮತ್ತು ಸಿ++ ಪ್ರಾಜೆಕ್ಟ್‌ಗಳೇ ಮುಖ್ಯವಾಗಿ ಗಮನದಲ್ಲಿವೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿಯೇ ಓದಿಕೊಳ್ಳಬಹುದು.

## ಆರಂಭದ ಪ್ರಶ್ನೆಗಳು

ಮೇಕ್‌ಫೈಲ್ ಒಂದಿದ್ದರೆ ಸಾಲದೇ? ಅದರ ಮೇಲೆ ಇನ್ನೊಂದು ವ್ಯವಸ್ಥೆ ಯಾಕೆ ಬೇಕು?

ಯಾವ ಫೈಲ್ ಯಾವುದರಿಂದ ತಯಾರಾಗುತ್ತದೆ, ಅದನ್ನು ತಯಾರಿಸುವ ಆಜ್ಞೆ ಯಾವುದು ಎಂದು ಬರೆದಿಟ್ಟರೆ, ಬದಲಾದ ಭಾಗವನ್ನಷ್ಟೇ ಮತ್ತೆ ಕಂಪೈಲ್ ಮಾಡುವುದು ಮೇಕ್‌ನ ಕೆಲಸ. ಬೆಲ್ ಲ್ಯಾಬ್ಸ್‌ನಲ್ಲಿದ್ದ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ಈ ಉಪಕರಣ ಆ ಕೆಲಸವನ್ನು ಇಂದಿಗೂ ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಆಜ್ಞೆ ಏನೆಂಬುದು ಮೊದಲೇ ಗೊತ್ತಿದೆ ಎಂದು ಅದು ನಂಬಿಕೊಂಡಿರುತ್ತದೆ. ಕಂಪೈಲರ್ ಯಾವುದು, ಹೆಡರ್‌ಗಳು (ಫಂಕ್ಷನ್‌ಗಳ ಘೋಷಣೆಗಳಿರುವ ಫೈಲ್‌ಗಳು) ಎಲ್ಲಿವೆ, ಬೇಕಾದ ಲೈಬ್ರರಿ ಇದೆಯೇ, ಇದ್ದರೆ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್‌ಗೆ ಏನೆಂದು ಹೇಳಬೇಕು ಎಂಬ ಪ್ರಶ್ನೆಗಳಿಗೆ ಯಂತ್ರದಿಂದ ಯಂತ್ರಕ್ಕೆ ಉತ್ತರ ಬದಲಾಗತೊಡಗಿದರೆ ಮೇಕ್‌ಫೈಲನ್ನು ಕೈಯಿಂದ ತಿದ್ದುವುದೊಂದೇ ದಾರಿ. ಸಂರಚನಾ ವ್ಯವಸ್ಥೆಯು ಈ ಪ್ರಶ್ನೆಗಳನ್ನು ಆಯಾ ಯಂತ್ರಕ್ಕೆ ಕೇಳಿ, ಸಿಕ್ಕ ಉತ್ತರಕ್ಕೆ ತಕ್ಕಂತೆ ಮೇಕ್‌ಫೈಲನ್ನೋ, ನಿಂಜಾ ಎಂಬ ಉಪಕರಣದ ಫೈಲನ್ನೋ, ವಿಷುವಲ್ ಸ್ಟುಡಿಯೋ ಪ್ರಾಜೆಕ್ಟನ್ನೋ ಬರೆದುಕೊಡುತ್ತದೆ. ಲಿನಕ್ಸ್‌ನಲ್ಲಿ ಮಾತ್ರ ಓಡುವ, ಹೊರಗಿನ ಲೈಬ್ರರಿಗಳಿಲ್ಲದ ಸಣ್ಣ ಉಪಕರಣಕ್ಕೆ ಸಾದಾ ಮೇಕ್‌ಫೈಲೇ ಸಾಕು. ಅದನ್ನು ದೊಡ್ಡ ವ್ಯವಸ್ಥೆಯೊಂದಕ್ಕೆ ಸಾಗಿಸುವುದು ವ್ಯರ್ಥ ದುಡಿಮೆ.

ಎಲ್ಲ ಕಡೆ ಅದೇ ಸಿ ಭಾಷೆ ತಾನೇ? ವೇದಿಕೆ ಬದಲಾದರೆ ಅಷ್ಟೇನು ವ್ಯತ್ಯಾಸವಾಗುತ್ತದೆ?

ಭಾಷೆ ಒಂದೇ ಆದರೂ ಅದರ ಸುತ್ತಲಿನ ವ್ಯವಸ್ಥೆ ಒಂದೇ ಅಲ್ಲ. 64 ಬಿಟ್ ಲಿನಕ್ಸ್ ಮತ್ತು ಮ್ಯಾಕ್‌ಓಎಸ್‌ಗಳಲ್ಲಿ ಲಾಂಗ್ ಎಂಬ ಪೂರ್ಣಾಂಕ 8 ಬೈಟ್ ಇದ್ದರೆ, 64 ಬಿಟ್ ವಿಂಡೋಸ್‌ನಲ್ಲಿ ಅದು 4 ಬೈಟ್ ಮಾತ್ರ. ಹೆಡರ್‌ನ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅದಲುಬದಲಾಗಿದ್ದರೂ ವಿಂಡೋಸ್‌ನಲ್ಲಿ ಮತ್ತು ಮ್ಯಾಕ್‌ನ ಮಾಮೂಲಿ ಡಿಸ್ಕ್‌ನಲ್ಲಿ ಕಂಪೈಲ್ ಆಗುವ ಕೋಡ್ ಲಿನಕ್ಸ್‌ಗೆ ಬಂದೊಡನೆ ನಿಂತುಬಿಡುತ್ತದೆ. ಹಂಚಿಕೆಯ ಲೈಬ್ರರಿಗಳ ವಿಚಾರದಲ್ಲಿ ಅಂತರ ಇನ್ನೂ ದೊಡ್ಡದು: ಲಿನಕ್ಸ್‌ನಲ್ಲಿ ಬೇಡವೆಂದು ಹೇಳದ ಹೊರತು ಎಲ್ಲ ಫಂಕ್ಷನ್‌ಗಳೂ ಹೊರಗೆ ಕಾಣುತ್ತವೆ, ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಬೇಕೆಂದು ಹೇಳದ ಹೊರತು ಯಾವುದೂ ಕಾಣುವುದಿಲ್ಲ. ಇವುಗಳಲ್ಲಿ ಕೆಲವನ್ನು ಬಿಲ್ಡ್ ವ್ಯವಸ್ಥೆ ಮುಚ್ಚಿಹಾಕಬಲ್ಲದು, ಉಳಿದವನ್ನು ಕೋಡ್ ಬರೆಯುವವರೇ ನೋಡಿಕೊಳ್ಳಬೇಕು. ಲಾಂಗ್‌ನ ಅಳತೆಯನ್ನು ಯಾವ ಬಿಲ್ಡ್ ವ್ಯವಸ್ಥೆಯೂ ಸರಿಮಾಡಿಕೊಡುವುದಿಲ್ಲ.

ಸಿಮೇಕ್ ಮತ್ತು ನಿಂಜಾ, ಇವೆರಡರಲ್ಲಿ ಯಾವುದು ಒಳ್ಳೆಯದು?

ಇವು ಒಂದಕ್ಕೊಂದು ಎದುರಾಳಿಗಳಲ್ಲ. ಸಿಮೇಕ್ ಪ್ರಾಜೆಕ್ಟಿನ ವಿವರಣೆಯನ್ನು ಓದಿ ಬಿಲ್ಡ್ ಫೈಲನ್ನು ತಯಾರಿಸುತ್ತದೆ. ನಿಂಜಾ ಆ ಫೈಲನ್ನು ಓದಿ ಆಜ್ಞೆಗಳನ್ನು ವೇಗವಾಗಿ ನಡೆಸುತ್ತದೆ. ಗೂಗಲ್ ಕ್ರೋಮ್‌ನ ಬಿಲ್ಡ್ ನಿಧಾನವಾಗುತ್ತಿದ್ದಾಗ ಇವಾನ್ ಮಾರ್ಟಿನ್ ನಿಂಜಾವನ್ನು ಬರೆದರು. ಮನುಷ್ಯರು ಕೈಯಿಂದ ಬರೆಯುವ ಭಾಷೆ ಅದಾಗಬಾರದೆಂಬುದು ಆರಂಭದಿಂದಲೂ ಅವರ ಉದ್ದೇಶವಾಗಿತ್ತು. ಸಿಮೇಕ್ ಬಳಸುವವರು ನಿಂಜಾವನ್ನು ಕೇಳಿ ಪಡೆಯಬೇಕು, ಮೆಸನ್ ಎಂಬ ಇನ್ನೊಂದು ಸಂರಚನಾ ವ್ಯವಸ್ಥೆಯನ್ನು ಬಳಸುವವರಿಗೆ ಅದು ತಾನಾಗಿಯೇ ಸಿಗುತ್ತದೆ.

ನನ್ನ ಪ್ರಾಜೆಕ್ಟ್ ರಸ್ಟ್‌ನಲ್ಲಿದೆ. ನನಗೂ ಇದೆಲ್ಲ ಬೇಕಾ?

ಶುದ್ಧ ರಸ್ಟ್ ಆದರೆ ಆ ಭಾಷೆಯದೇ ಬಿಲ್ಡ್ ಉಪಕರಣವಾದ ಕಾರ್ಗೋ ಸಾಕು, ಗೋ ಭಾಷೆಗೂ ಅದರದೇ ಉಪಕರಣ ಸಾಕು. ಒಳಗೆ ಒಂದು ಸಿ ಲೈಬ್ರರಿ ಸೇರಿಕೊಂಡ ದಿನ ಈ ಪುಟದ ಪ್ರಶ್ನೆಗಳು ನಿಮ್ಮವೂ ಆಗುತ್ತವೆ.

## ಆಯ್ಕೆಯ ಪ್ರಶ್ನೆಗಳು

ಸುತ್ತಿ ಬಳಸಿ ಹೇಳಬೇಡಿ, ಹೊಸ ಪ್ರಾಜೆಕ್ಟ್‌ಗೆ ಯಾವುದನ್ನು ತೆಗೆದುಕೊಳ್ಳಲಿ?

ಬೇರೆ ಕಾರಣವಿಲ್ಲದಿದ್ದರೆ ಸಿಮೇಕ್. ಆದರೆ ಆ "ಬೇರೆ ಕಾರಣ" ಇದೆಯೇ ಎಂದು ಪರೀಕ್ಷಿಸುವಾಗ ಹೆಚ್ಚಿನವರು ವ್ಯಾಕರಣದ ಅಂದವನ್ನೋ ವೇಗದ ಅಂಕಿಗಳನ್ನೋ ನೋಡುತ್ತಾರೆ. ನೋಡಬೇಕಾದದ್ದು ಬೇರೆಯೇ ಇದೆ: ನಿಮ್ಮ ಕೋಡನ್ನು ಬಿಲ್ಡ್ ಮಾಡುವವರು ಯಾರು, ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳು ಅವರಿಗೆ ಎಲ್ಲಿಂದ ಬರುತ್ತವೆ?

ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೋ ತೆರೆದು ಕೆಲಸ ಮಾಡುವವರು ಅಥವಾ ನಿಮ್ಮ ಲೈಬ್ರರಿಯನ್ನು ತಮ್ಮ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಬೇರೆ ಸಿ++ ತಂಡಗಳು ನಿಮ್ಮ ಮುಖ್ಯ ಬಳಕೆದಾರರಾದರೆ, ಅವರ ಕೈಯಲ್ಲಿ ಈಗಾಗಲೇ ಇರುವುದು ಸಿಮೇಕ್. ಬೇರೆಯದನ್ನು ಕೊಟ್ಟರೆ ಅವರೇ ಒಂದು ಸಿಮೇಕ್ ಫೈಲನ್ನು ಬರೆದು ನಿಮಗೆ ಕಳುಹಿಸುತ್ತಾರೆ, ಆಮೇಲೆ ಎರಡನ್ನೂ ಸಾಕುವ ಹೊರೆ ನಿಮ್ಮದಾಗುತ್ತದೆ. ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳ ಪ್ಯಾಕೇಜ್ ನಿರ್ವಾಹಕರೇ ಮುಖ್ಯರಾಗಿದ್ದು, ಲೈಬ್ರರಿಗಳೆಲ್ಲ ವ್ಯವಸ್ಥೆಯಲ್ಲೇ ದೊರೆಯುವುದಾದರೆ ಮೆಸನ್ ಹಿತವಾದ ಆಯ್ಕೆ. ಹೆಸರೇ ಕೇಳದ ಯೂನಿಕ್ಸ್ ಯಂತ್ರಗಳಲ್ಲಿ, ಶೆಲ್ ಮತ್ತು ಮೇಕ್ ಬಿಟ್ಟು ಬೇರೇನೂ ಇಲ್ಲದ ಕಡೆ ನಿಮ್ಮ ಕೋಡ್ ಬಿಲ್ಡ್ ಆಗಲೇಬೇಕಾದರೆ ಆಟೋಟೂಲ್ಸ್‌ಗೆ (ಆಟೋಕಾನ್ಫ್ ಮತ್ತು ಅದರ ಜೊತೆಗಾರ ಉಪಕರಣಗಳ ಗುಂಪಿಗೆ) ಇಂದಿಗೂ ಸಮನಾದದ್ದಿಲ್ಲ. ಕೋಡ್ ಕಂಪನಿಯ ಹೊರಗೆ ಹೋಗುವುದೇ ಇಲ್ಲ, ಹಲವು ಭಾಷೆಗಳ ಕೋಡ್ ಇರುವ ಒಂದೇ ದೊಡ್ಡ ರೆಪೊಸಿಟರಿ (ಕೋಡ್ ಭಂಡಾರ) ಇದೆ, ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಜನರಿದ್ದಾರೆ ಎಂದಾದರೆ ಮಾತ್ರ ಗೂಗಲ್‌ನ ಬಿಲ್ಡ್ ವ್ಯವಸ್ಥೆಯಾದ ಬೇಝಲ್‌ನ ಮಾತು ಬರುತ್ತದೆ.

ಆಟೋಟೂಲ್ಸ್ ಕಾಲ ಮುಗಿಯಿತು ಅಂತಾರೆ. ಹಾಗಾದರೆ ಇನ್ನೂ ಅಷ್ಟೊಂದು ಪ್ರಾಜೆಕ್ಟ್‌ಗಳು ಯಾಕೆ ಬಿಟ್ಟಿಲ್ಲ?

1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ಬರೆದಾಗ ಯೂನಿಕ್ಸ್ ಎಂಬ ಹೆಸರಿನಡಿ ಡಜನ್‌ಗಟ್ಟಲೆ ಬೇರೆ ಬೇರೆ ವ್ಯವಸ್ಥೆಗಳಿದ್ದವು. ಸೋಲಾರಿಸ್, ಎಐಎಕ್ಸ್, ಎಚ್‌ಪಿ-ಯುಎಕ್ಸ್, ಐರಿಕ್ಸ್‌ಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸಗಳನ್ನೆಲ್ಲ ನೆನಪಿಡುವ ಬದಲು ಪುಟ್ಟ ಪ್ರೋಗ್ರಾಂಗಳನ್ನು ಕಂಪೈಲ್ ಮಾಡಿ ನೋಡಿ ತಿಳಿದುಕೊಳ್ಳುವುದು ಅದರ ಮುಖ್ಯ ಆಲೋಚನೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಗುಣವಿದೆ: ಕಾನ್ಫಿಗರ್ ಎಂಬ ಸ್ಕ್ರಿಪ್ಟನ್ನು ಪ್ರಾಜೆಕ್ಟಿನವರೇ ತಯಾರಿಸಿ ಜೊತೆಗೆ ಕಳುಹಿಸುವುದರಿಂದ, ಬಿಲ್ಡ್ ಮಾಡುವವರು ಆಟೋಕಾನ್ಫ್ ಅನ್ನಾಗಲಿ ಬೇರೆ ಯಾವುದನ್ನಾಗಲಿ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಹೊಸ ಲಿನಕ್ಸ್ ವ್ಯವಸ್ಥೆಯೊಂದನ್ನು ಬುಡದಿಂದ ಕಟ್ಟುವಾಗ, ಪೈಥಾನ್ ಕೂಡ ಇನ್ನೂ ಇಲ್ಲದ ಹಂತದಲ್ಲಿ, ಈ ಗುಣದ ಬೆಲೆ ಗೊತ್ತಾಗುತ್ತದೆ.

ದೌರ್ಬಲ್ಯಗಳೂ ಸಣ್ಣವಲ್ಲ. ಅದನ್ನು ಬರೆಯಲು ಬೇಕಾದ ಎಂ4 ಎಂಬ ಮ್ಯಾಕ್ರೋ ಭಾಷೆ, ಶೆಲ್, ಮೇಕ್ ಮೂರನ್ನೂ ಏಕಕಾಲಕ್ಕೆ ಬಲ್ಲವರು ವಿರಳ, ಮೈಕ್ರೋಸಾಫ್ಟ್ ಕಂಪೈಲರ್‌ನೊಂದಿಗೆ ಬಳಸುವುದು ಹಿಂಸೆಯ ಕೆಲಸ, 2012ರ 2.69ನೇ ಆವೃತ್ತಿಯ ನಂತರ 2.70 ಬರುವ ಹೊತ್ತಿಗೆ 2020ರ ಕೊನೆಯಾಗಿತ್ತು. ಇಂದು ಮುಖ್ಯ ವೇದಿಕೆಗಳು ಬೆರಳೆಣಿಕೆಯಷ್ಟು ಉಳಿದಿರುವಾಗ ಅದು ಮಾಡುವ ಪರೀಕ್ಷೆಗಳಲ್ಲಿ ಬಹುಪಾಲು ಅನಗತ್ಯ. ಹೊಸದಾಗಿ ಆರಂಭಿಸುವವರಿಗೆ ನಾನು ಶಿಫಾರಸು ಮಾಡಲಾರೆ. ಸರಿಯಾಗಿ ನಡೆಯುತ್ತಿರುವುದನ್ನು ಕೀಳಬೇಕೆಂದೂ ಹೇಳಲಾರೆ.

ಸಿಮೇಕ್ ಭಾಷೆಯನ್ನು ಎಲ್ಲರೂ ಬೈಯುತ್ತಾರೆ, ಆದರೂ ಎಲ್ಲರೂ ಅದನ್ನೇ ಬಳಸುತ್ತಾರಲ್ಲ?

ಬೈಗುಳಕ್ಕೆ ಕಾರಣವಿದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಹಣದಲ್ಲಿ ನಡೆಯುತ್ತಿದ್ದ ಐಟಿಕೆ ಎಂಬ ವೈದ್ಯಕೀಯ ಚಿತ್ರ ಸಂಸ್ಕರಣಾ ಲೈಬ್ರರಿಗಾಗಿ ಕಿಟ್‌ವೇರ್ ಕಂಪನಿಯ ಬಿಲ್ ಹಾಫ್‌ಮನ್ ಮತ್ತು ಸಂಗಡಿಗರು ಇದನ್ನು 2000ದ ಆಸುಪಾಸಿನಲ್ಲಿ ಕಟ್ಟಿದಾಗ, ಸಿ++ ಕಂಪೈಲರ್ ಬಿಟ್ಟು ಬೇರೆ ಯಾವುದರ ಹಂಗೂ ಇರಬಾರದೆಂಬುದು ನಿಯಮವಾಗಿತ್ತು. ವಿಂಡೋಸ್‌ನಲ್ಲಿ ಯೂನಿಕ್ಸ್ ಶೆಲ್ ಇರಲಿಲ್ಲ, ಪೈಥಾನ್ ಇದೆಯೆಂದು ನಂಬುವಂತಿರಲಿಲ್ಲ. ಹಾಗಾಗಿ ತಮ್ಮದೇ ಸಣ್ಣ ಆಜ್ಞಾ ಭಾಷೆಯೊಂದನ್ನು ಮಾಡಿಕೊಂಡರು. ಅದು ಬೇಡಿಕೆಗೆ ತಕ್ಕಂತೆ ಉಬ್ಬುತ್ತಾ ಹೋಯಿತು. ಎಲ್ಲವೂ ಸ್ಟ್ರಿಂಗ್, ಪಟ್ಟಿಯೆಂದರೆ ಅರ್ಧವಿರಾಮಗಳಿಂದ ಬೇರ್ಪಡಿಸಿದ ಸ್ಟ್ರಿಂಗ್ ಎಂಬ ವಿಚಿತ್ರಗಳು ಉಳಿದದ್ದು ಹೀಗೆ.

ಬಳಕೆಗೂ ಕಾರಣವಿದೆ. ಕೆಡಿಇ 4ರ ಹೊತ್ತಿಗೆ, 2006ರಲ್ಲಿ, ಆ ದೊಡ್ಡ ಡೆಸ್ಕ್‌ಟಾಪ್ ಯೋಜನೆ ಇದನ್ನು ಒಪ್ಪಿಕೊಂಡಿತು. ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂ ತನ್ನ ಹಳೆಯ ಆಟೋಕಾನ್ಫ್ ಬಿಲ್ಡನ್ನು 2016ರ 3.9ನೇ ಆವೃತ್ತಿಯಲ್ಲಿ ಕೈಬಿಟ್ಟಿತು. ಕಿಟಕಿ, ಗುಂಡಿಗಳನ್ನು ಚಿತ್ರಿಸುವ ಲೈಬ್ರರಿಯಾದ ಕ್ಯೂಟಿಯ 2020ರ 6ನೇ ಆವೃತ್ತಿ ತನ್ನದೇ ಕ್ಯೂಮೇಕ್ ಬದಲು ಇದರಿಂದ ಬಿಲ್ಡ್ ಆಗತೊಡಗಿತು. ಕೋಡ್ ಬರೆಯುವ ತಂತ್ರಾಂಶಗಳಾದ ವಿಷುವಲ್ ಸ್ಟುಡಿಯೋ, ಸಿಲಯನ್, ಆಂಡ್ರಾಯ್ಡ್ ಸ್ಟುಡಿಯೋ ಎಲ್ಲವೂ ಇದನ್ನು ನೇರವಾಗಿ ಓದಬಲ್ಲವು. ಹೊಸಬರಿಗೆ ಒಂದೇ ಸಲಹೆ: ಇಡೀ ಪ್ರಾಜೆಕ್ಟಿಗೆ ಹೆಡರ್ ಹಾದಿಗಳನ್ನೂ ಕಂಪೈಲರ್ ಸೂಚನೆಗಳನ್ನೂ ಸುರಿಯುವ ಹಳೆಯ ಪಾಠಗಳನ್ನು ಬದಿಗಿಡಿ. ಪ್ರತಿ ಲೈಬ್ರರಿಯನ್ನೂ ಒಂದು ಟಾರ್ಗೆಟ್ (ಬಿಲ್ಡ್ ಆಗಬೇಕಾದ ಘಟಕ) ಎಂದು ಘೋಷಿಸಿ, ಅದಕ್ಕೆ ಬೇಕಾದದ್ದು ಒಳಗಿನ ಬಳಕೆಗೆ ಮಾತ್ರವಾದರೆ ಪ್ರೈವೇಟ್, ಅದನ್ನು ಬಳಸುವವರಿಗೂ ಬೇಕಾದರೆ ಪಬ್ಲಿಕ್ ಎಂದು ಗುರುತಿಸಿದರೆ, ಆ ಭಾಷೆಯ ಕೊಳಕು ಮೂಲೆಗಳಿಗೆ ಹೋಗುವ ಸಂದರ್ಭವೇ ಅಪರೂಪವಾಗುತ್ತದೆ.

ಮೆಸನ್ ಓದುವುದಕ್ಕೆ ಚೆನ್ನಾಗಿದೆ. ಅದು ಎಲ್ಲಿ ಕೈಕೊಡುತ್ತದೆ ಅಂತ ಹೇಳಿ.

ಫಿನ್‌ಲೆಂಡಿನ ಯುಸ್ಸಿ ಪಕ್ಕಾನೆನ್ ಆರಂಭಿಸಿದ ಮೆಸನ್ 2013ರಲ್ಲಿ ಹೊರಬಂತು. ಅದರ ಭಾಷೆಯಲ್ಲಿ ಬಳಕೆದಾರರು ತಮ್ಮದೇ ಫಂಕ್ಷನ್ ಬರೆಯುವಂತಿಲ್ಲ, ಸೋರ್ಸ್ ಫೈಲ್‌ಗಳನ್ನು ನಕ್ಷತ್ರ ಚಿಹ್ನೆಯಿಂದ ಒಟ್ಟಿಗೆ ಬಾಚಿಕೊಳ್ಳುವಂತಿಲ್ಲ, ಒಂದೊಂದನ್ನೂ ಹೆಸರಿಸಬೇಕು. ಈ ಕಟ್ಟುನಿಟ್ಟು ಬೇಕೆಂದೇ ಇಟ್ಟದ್ದು. ಅದರಿಂದಾಗಿ ಅಪರಿಚಿತ ಪ್ರಾಜೆಕ್ಟಿನ ಬಿಲ್ಡ್ ಫೈಲನ್ನೂ ಅರ್ಧ ಗಂಟೆಯಲ್ಲಿ ಅರ್ಥಮಾಡಿಕೊಳ್ಳಬಹುದು. ಗ್ನೋಮ್ ಡೆಸ್ಕ್‌ಟಾಪ್‌ನ ಬಹುಪಾಲು ಯೋಜನೆಗಳು, ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ, ಗ್ರಾಫಿಕ್ಸ್ ಲೈಬ್ರರಿ ಮೆಸಾ, ಬೇರೆ ಯಂತ್ರಗಳನ್ನು ಅನುಕರಿಸುವ ಕ್ಯೂಎಮು ಇದರಲ್ಲಿವೆ. ಕನ್ನಡದ ಒತ್ತಕ್ಷರಗಳನ್ನು ತೆರೆಯ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಹಾರ್ಫ್‌ಬಜ್ ಲೈಬ್ರರಿಯೂ ಮೆಸನ್‌ನಿಂದಲೇ ಬಿಲ್ಡ್ ಆಗುತ್ತದೆ. ಪೈಥಾನ್ 3.12 ತನ್ನ ಹಳೆಯ ಬಿಲ್ಡ್ ಉಪಕರಣವಾದ ಡಿಸ್ಟ್‌ಯುಟಿಲ್ಸ್ ಅನ್ನು 2023ರಲ್ಲಿ ತೆಗೆದುಹಾಕಿದಾಗ ಪೈಥಾನ್‌ನ ಗಣಿತ ಲೈಬ್ರರಿ ನಂಪೈ ಕೂಡ ಇದಕ್ಕೇ ಬಂತು; ಸೈಪೈ ಅದಕ್ಕೂ ಮೊದಲೇ ಬಂದಿತ್ತು.

ತೊಂದರೆ ಕಾಣುವುದು ಅಂಚುಗಳಲ್ಲಿ. ಮೆಸನ್‌ಗೆ ಪೈಥಾನ್ ಬೇಕು. ವಿಷುವಲ್ ಸ್ಟುಡಿಯೋ ಮತ್ತು ಎಕ್ಸ್‌ಕೋಡ್ ಪ್ರಾಜೆಕ್ಟ್‌ಗಳನ್ನು ಅದು ಬರೆದುಕೊಡಬಲ್ಲದಾದರೂ, ನಿಂಜಾ ದಾರಿಯಷ್ಟು ಸವೆದ ದಾರಿಗಳಲ್ಲ ಅವು. ಐಫೋನ್ ತಂತ್ರಾಂಶದ ತಂಡಕ್ಕೆ ಸಿಮೇಕ್ ಹೆಚ್ಚು ಅನುಕೂಲ. ನಿಮ್ಮ ಅವಲಂಬನೆಗಳಲ್ಲಿ ಹೆಚ್ಚಿನವು ಸಿಮೇಕ್ ಬಳಸುತ್ತಿದ್ದು, ಅವನ್ನು ಒಳಗೇ ಬಿಲ್ಡ್ ಮಾಡಬೇಕಾದರೆ ಮೆಸನ್‌ನ ಸಿಮೇಕ್ ಸೇತುವೆ ಸರಳ ಪ್ರಾಜೆಕ್ಟ್‌ಗಳನ್ನಷ್ಟೇ ದಾಟಿಸುತ್ತದೆ.

ಗೂಗಲ್ ಬೇಝಲ್ ಬಳಸುತ್ತದೆ. ನಮ್ಮ ಪುಟ್ಟ ತಂಡ ಬಳಸಿದರೆ ತಪ್ಪೇನು?

ತಪ್ಪಿಲ್ಲ, ಆದರೆ ಮನೆಯ ನಾಲ್ವರ ಅಡುಗೆಗೆ ಛತ್ರದ ಕೊಪ್ಪರಿಗೆ ಹೂಡಿದ ಹಾಗಾಗುತ್ತದೆ. ಗೂಗಲ್ ಒಳಗಿನ ಬ್ಲೇಝ್ ಎಂಬ ಉಪಕರಣದ ಬಹಿರಂಗ ರೂಪವಾಗಿ ಬೇಝಲ್ 2015ರಲ್ಲಿ ಹೊರಬಂತು, 1.0 ಆವೃತ್ತಿ ಬಂದದ್ದು 2019ರಲ್ಲಿ. ಪ್ರತಿಯೊಂದು ಹಂತಕ್ಕೂ ಬೇಕಾದ ಫೈಲ್‌ಗಳನ್ನು ಮೊದಲೇ ಘೋಷಿಸಬೇಕು, ಘೋಷಿಸದ್ದನ್ನು ಅದು ಕಣ್ಣಿಗೇ ಬೀಳಿಸುವುದಿಲ್ಲ. ಆದ್ದರಿಂದ ಒಬ್ಬರ ಯಂತ್ರದಲ್ಲಿ ಸಿದ್ಧವಾದ ಫಲಿತಾಂಶವನ್ನು ಇನ್ನೊಬ್ಬರು ಸಂಗ್ರಹದಿಂದ ನೇರವಾಗಿ ಎತ್ತಿಕೊಳ್ಳಬಹುದು. ಸಾವಿರಾರು ಎಂಜಿನಿಯರುಗಳ ಒಂದೇ ರೆಪೊಸಿಟರಿಗೆ ಇದು ವರ. ಹೊರಗಿನ ಪ್ರತಿ ಲೈಬ್ರರಿಗೂ ಬೇಝಲ್‌ನ ನಿಯಮ ಬರೆಯುವುದು ಇದಕ್ಕೆ ತೆರಬೇಕಾದ ಬೆಲೆ. ಬಿಲ್ಡ್ ಮಾಡುವಾಗ ನೆಟ್‌ವರ್ಕ್ ಮುಟ್ಟಬಾರದೆಂಬ ಡೆಬಿಯನ್‌ನಂಥ ವಿತರಣೆಗಳ ನಿಯಮಕ್ಕೂ, ಬೇಕಾದದ್ದನ್ನು ತಾನೇ ಇಳಿಸಿಕೊಳ್ಳುವ ಬೇಝಲ್‌ನ ಸ್ವಭಾವಕ್ಕೂ ಹೊಂದಾಣಿಕೆ ಕಷ್ಟ. ಗೂಗಲ್‌ನಲ್ಲೇ ಹುಟ್ಟಿದ, ಸರ್ವರ್‌ಗಳಲ್ಲಿ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಕೆಲಕಾಲ ಬೇಝಲನ್ನೂ ಗೋ ಭಾಷೆಯ ಮಾಮೂಲಿ ಬಿಲ್ಡನ್ನೂ ಜೊತೆಯಲ್ಲಿ ನಡೆಸಿ, 2021ರಲ್ಲಿ ಬೇಝಲನ್ನು ತೆಗೆದುಹಾಕಿತು.

ಪೂರ್ತಿ ಪೈಥಾನ್‌ನಲ್ಲೇ ಬಿಲ್ಡ್ ಬರೆಯಬಹುದಲ್ಲ? ಎಸ್‌ಕಾನ್ಸ್ ಯಾಕೆ ಗೆಲ್ಲಲಿಲ್ಲ?

ಎಸ್‌ಕಾನ್ಸ್‌ನಲ್ಲಿ ಬಿಲ್ಡ್ ಫೈಲ್ ಎಂದರೆ ನಿಜವಾದ ಪೈಥಾನ್ ಪ್ರೋಗ್ರಾಂ. ಗೊಡೋ ಗೇಮ್ ಎಂಜಿನ್ ಇಂದಿಗೂ ಅದನ್ನು ಬಳಸುತ್ತದೆ. ಕೆಡಿಇ ಕೂಡ ಸಿಮೇಕ್‌ಗೆ ಹೋಗುವ ಮೊದಲು ಇದನ್ನು ಪ್ರಯತ್ನಿಸಿ ಬಿಟ್ಟಿತು. ಏನು ಬೇಕಾದರೂ ಬರೆಯಬಹುದೆಂಬ ಸ್ವಾತಂತ್ರ್ಯದಲ್ಲಿ ಪ್ರತಿ ಪ್ರಾಜೆಕ್ಟೂ ತನ್ನದೇ ಪುಟ್ಟ ಬಿಲ್ಡ್ ವ್ಯವಸ್ಥೆಯನ್ನು ಕಂಡುಹಿಡಿದುಕೊಳ್ಳುತ್ತದೆ, ಅದನ್ನು ಬರೆದವರು ತಂಡ ಬಿಟ್ಟ ಮೇಲೆ ಓದುವವರಿರುವುದಿಲ್ಲ. ಲುವಾ ಆಧಾರಿತ ಪ್ರೀಮೇಕ್ ಮತ್ತು ಎಕ್ಸ್‌ಮೇಕ್‌ಗಳಿಗೂ ಇದೇ ಮಾತು ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ.

## ಬಳಕೆಗೆ ಇಳಿದ ಮೇಲಿನ ಪ್ರಶ್ನೆಗಳು

ಹೊರಗಿನ ಲೈಬ್ರರಿಗಳ ಕೋಡನ್ನು ನಮ್ಮ ರೆಪೊಸಿಟರಿಗೇ ಹಾಕಿಕೊಂಡರೆ ತಲೆನೋವು ತಪ್ಪುವುದಿಲ್ಲವೇ?

ಮೊದಲ ದಿನದ ತಲೆನೋವು ತಪ್ಪುತ್ತದೆ. 2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರ ಲೈಬ್ರರಿಯಲ್ಲಿ ಗಂಭೀರ ಭದ್ರತಾ ದೋಷ ಹೊರಬಿದ್ದಾಗ, ವ್ಯವಸ್ಥೆಯ ಲೈಬ್ರರಿಯನ್ನು ಬಳಸುತ್ತಿದ್ದ ತಂತ್ರಾಂಶಗಳೆಲ್ಲ ಒಂದೇ ಪ್ಯಾಕೇಜ್ ಬದಲಾವಣೆಯಿಂದ ಸರಿಹೋದವು. ತಮ್ಮದೇ ಪ್ರತಿಯನ್ನು ಒಳಗಿಟ್ಟುಕೊಂಡಿದ್ದ ಅಸಂಖ್ಯ ತಂತ್ರಾಂಶಗಳನ್ನು ಒಂದೊಂದಾಗಿ ಹುಡುಕಿ ಸರಿಪಡಿಸಬೇಕಾಯಿತು. ಆದ್ದರಿಂದ ವ್ಯವಸ್ಥೆಯಲ್ಲಿ ಇದ್ದರೆ ಅದನ್ನು ಬಳಸು, ಇಲ್ಲದಿದ್ದರೆ ಮಾತ್ರ ಇಳಿಸಿಕೊಂಡು ಬಿಲ್ಡ್ ಮಾಡು ಎಂಬ ಕ್ರಮವೇ ಉಚಿತ. ಮೆಸನ್‌ನಲ್ಲಿ ರ‍್ಯಾಪ್ ಫೈಲ್‌ಗಳ ಮೂಲಕ ಇದು ಸಹಜವಾಗಿ ಆಗುತ್ತದೆ. ಸಿಮೇಕ್‌ಗೆ ಲೈಬ್ರರಿಗಳನ್ನು ಇಳಿಸಿಕೊಳ್ಳುವ ಫೆಚ್‌ಕಂಟೆಂಟ್ ಸೌಲಭ್ಯ 2018ರಲ್ಲೇ ಬಂದರೂ, ಮೊದಲು ವ್ಯವಸ್ಥೆಯಲ್ಲಿ ಹುಡುಕಿ ಆಮೇಲೆ ಇಳಿಸುವ ಹೊಂದಾಣಿಕೆ ಸೇರಿದ್ದು 3.24ನೇ ಆವೃತ್ತಿಯಲ್ಲಿ. ವಿಂಡೋಸ್‌ನಲ್ಲಿ ವ್ಯವಸ್ಥೆಯ ಲೈಬ್ರರಿಗಳೆಂಬುದೇ ಇಲ್ಲದಿರುವುದರಿಂದ ಮೈಕ್ರೋಸಾಫ್ಟ್‌ನ ವಿಸಿಪ್ಯಾಕೇಜ್ ಅಥವಾ ಕೋನನ್‌ನಂಥ ಲೈಬ್ರರಿ ತಂದುಕೊಡುವ ಉಪಕರಣವೊಂದನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ಅದಿಲ್ಲದೆ ಬಿಲ್ಡ್ ಆಗುವುದೇ ಇಲ್ಲ ಎಂಬಂತೆ ಬರೆದರೆ ಲಿನಕ್ಸ್ ಪ್ಯಾಕೇಜ್ ನಿರ್ವಾಹಕರು ನಿಮ್ಮ ಫೈಲನ್ನು ಕತ್ತರಿಸಿಯೇ ಬಳಸುತ್ತಾರೆ.

ಕೋಡ್‌ನಲ್ಲಿ "ಲಿನಕ್ಸ್ ಆದರೆ ಹೀಗೆ, ಇಲ್ಲದಿದ್ದರೆ ಹಾಗೆ" ಅಂತ ಬರೆದರೆ ಸಾಕಲ್ಲ? ಒಂದೊಂದು ಫಂಕ್ಷನ್‌ಗೂ ಪರೀಕ್ಷೆ ಮಾಡಿಸುವುದು ಯಾಕೆ?

ವೇದಿಕೆಯ ಹೆಸರಿನಿಂದ ಅದರ ಗುಣವನ್ನು ಊಹಿಸುವುದು ಇಂದು ಸರಿಯಿದ್ದು ನಾಳೆ ತಪ್ಪಾಗುವ ಲೆಕ್ಕ. ಸ್ಟ್ರಿಂಗ್ ನಕಲು ಮಾಡುವ ಎಸ್‌ಟಿಆರ್‌ಎಲ್‌ಸಿಪಿವೈ ಎಂಬ ಬಿಎಸ್‌ಡಿ ಮೂಲದ ಫಂಕ್ಷನ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಗ್ನೂ ಸಿ ಲೈಬ್ರರಿಯಲ್ಲಿ ದಶಕಗಳ ಕಾಲ ಇರಲಿಲ್ಲ. ಹಾಗಾಗಿ ಲಿನಕ್ಸ್ ಎಂದು ಕಂಡ ಕೂಡಲೇ ತಮ್ಮದೇ ಪ್ರತಿಯನ್ನು ಅದೇ ಹೆಸರಿನಲ್ಲಿ ಬರೆದುಕೊಂಡ ಪ್ರಾಜೆಕ್ಟ್‌ಗಳು ಹಲವು. 2023ರ ಆಗಸ್ಟಿನಲ್ಲಿ ಬಂದ ಆ ಲೈಬ್ರರಿಯ 2.38ನೇ ಆವೃತ್ತಿ ಆ ಫಂಕ್ಷನನ್ನು ಸೇರಿಸಿಕೊಂಡಾಗ ಅಂಥ ಕೋಡ್‌ನಲ್ಲಿ ಎರಡು ಘೋಷಣೆಗಳು ಒಂದಕ್ಕೊಂದು ಡಿಕ್ಕಿಹೊಡೆದವು. ಫಂಕ್ಷನ್ ಇದೆಯೇ ಎಂದು ಪರೀಕ್ಷಿಸಿ ಮುಂದುವರಿದಿದ್ದವರಿಗೆ ಏನೂ ಆಗಲಿಲ್ಲ.

ಪರೀಕ್ಷೆಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪುಟ್ಟ ಪ್ರೋಗ್ರಾಂ ಕಂಪೈಲ್ ಆಗಲಿಲ್ಲವೆಂದರೆ "ಆ ಸೌಲಭ್ಯ ಇಲ್ಲ" ಎಂದು ವ್ಯವಸ್ಥೆ ತೀರ್ಮಾನಿಸುತ್ತದೆ; ಕಂಪೈಲ್ ಆಗದಿರಲು ಬೇರೆ ಕಾರಣವಿರಬಹುದೆಂಬ ಸಂಶಯ ಅದಕ್ಕೆ ಬರುವುದಿಲ್ಲ. ಘೋಷಿಸದ ಫಂಕ್ಷನನ್ನು ಕರೆಯುವುದನ್ನು ಜಿಸಿಸಿ ಕಂಪೈಲರ್‌ನ 14ನೇ ಆವೃತ್ತಿ ಎಚ್ಚರಿಕೆಯ ಬದಲು ದೋಷವೆಂದೇ ಪರಿಗಣಿಸತೊಡಗಿದಾಗ, ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳಲ್ಲಿ ಅಸಡ್ಡೆಯಿಂದ ಬರೆದ ಪರೀಕ್ಷೆಗಳು ಸದ್ದಿಲ್ಲದೆ ಸೋತು, ಇರುವ ಸೌಲಭ್ಯಗಳನ್ನೂ ಇಲ್ಲವೆಂದು ಬರೆದುಕೊಂಡವು. ಬಿಲ್ಡ್ ಯಶಸ್ವಿಯಾಗುತ್ತಿತ್ತು, ತಂತ್ರಾಂಶದ ಒಂದು ಭಾಗ ಮಾತ್ರ ಕಾಣೆಯಾಗಿರುತ್ತಿತ್ತು. ಇದೇ ಕುರುಡುತನವನ್ನು ದುರುದ್ದೇಶದಿಂದ ಬಳಸಿಕೊಂಡ ಉದಾಹರಣೆಯೂ ಇದೆ: ಫೈಲ್‌ಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಪ್ರಾಜೆಕ್ಟಿನ ಸಿಮೇಕ್ ಫೈಲಿನಲ್ಲಿ, ಲ್ಯಾಂಡ್‌ಲಾಕ್ ಎಂಬ ಲಿನಕ್ಸ್ ರಕ್ಷಣಾ ಸೌಲಭ್ಯವನ್ನು ಪರೀಕ್ಷಿಸುವ ಸಿ ತುಣುಕಿನೊಳಗೆ 2024ರಲ್ಲಿ ಒಂದೇ ಒಂದು ಚುಕ್ಕಿಯನ್ನು ಸೇರಿಸಲಾಗಿತ್ತು. ಆ ಚುಕ್ಕಿಯಿಂದ ಪರೀಕ್ಷೆ ಎಂದೂ ಕಂಪೈಲ್ ಆಗುವಂತಿರಲಿಲ್ಲ, ರಕ್ಷಣೆ ಎಂದೂ ಚಾಲೂ ಆಗುವಂತಿರಲಿಲ್ಲ.

ಹಾಗಾಗಿ ಪರೀಕ್ಷೆಗಳನ್ನು ಕಡಿಮೆ ಇಟ್ಟುಕೊಳ್ಳಿ, ಉಳಿದವನ್ನು ಗಟ್ಟಿಯಾಗಿ ಇಟ್ಟುಕೊಳ್ಳಿ. 2025ರಲ್ಲಿ ಎಲ್ಲ ಕಂಪೈಲರ್‌ಗಳಲ್ಲೂ ಇರುವ ಮೂಲ ಹೆಡರ್‌ಗಳನ್ನು ಹುಡುಕುವುದು ಸಮಯದ ನಷ್ಟ. ಮುಖ್ಯವಾದ ಸೌಲಭ್ಯಗಳಿಗೆ "ಸಿಕ್ಕರೆ ಬಳಸು" ಎಂಬ ಮೃದು ನಿಲುವಿನ ಜೊತೆಗೆ "ಬೇಕೇ ಬೇಕು, ಸಿಗದಿದ್ದರೆ ನಿಲ್ಲು" ಎಂಬ ಆಯ್ಕೆಯನ್ನೂ ಕೊಡಿ. ಮೆಸನ್‌ನಲ್ಲಿ ಇದಕ್ಕೆ ಫೀಚರ್ ಎಂಬ ಆಯ್ಕೆಯ ಬಗೆ ಇದೆ. ಪ್ಯಾಕೇಜ್ ತಯಾರಿಸುವವರು ಅದನ್ನು ಎನೇಬಲ್ಡ್ ಎಂದು ಇಟ್ಟರೆ ಮೌನವಾಗಿ ಬಿಟ್ಟುಹೋಗುವ ಪ್ರಶ್ನೆಯೇ ಇಲ್ಲ. ಸಿಮೇಕ್ ಮತ್ತು ಆಟೋಕಾನ್ಫ್‌ನಲ್ಲಿ ಇದನ್ನು ನೀವೇ ಬರೆದುಕೊಳ್ಳಬೇಕು, ಹೆಚ್ಚಿನವರು ಬರೆಯುವುದಿಲ್ಲ.

ವಿಂಡೋಸ್‌ನಲ್ಲಿ ನನ್ನ ಬಳಕೆದಾರ ಹೆಸರು ಕನ್ನಡ ಲಿಪಿಯಲ್ಲಿದೆ. ನನ್ನ ಯಂತ್ರದಲ್ಲಿ ಮಾತ್ರ ಬಿಲ್ಡ್ ಮುರಿಯುವುದು ಅದಕ್ಕೇನಾ?

ಬಹುಮಟ್ಟಿಗೆ ಅದಕ್ಕೇ ಇರಬಹುದು. ವಿಂಡೋಸ್‌ನ ಹಳೆಯ ಕೋಡ್ ಪೇಜ್ ಪದ್ಧತಿಯಲ್ಲಿ (ಭಾಷೆಗಳಿಗೆ ಬೇರೆ ಬೇರೆ ಅಕ್ಷರ ಪಟ್ಟಿ) ಫ್ರೆಂಚ್, ರಷ್ಯನ್, ಜಪಾನೀ ಭಾಷೆಗಳಿಗೆ ಜಾಗವಿತ್ತು. ಕನ್ನಡಕ್ಕೆ ಯೂನಿಕೋಡ್ ಒಂದೇ ದಾರಿ. ಹಳೆಯ ಪದ್ಧತಿಯ ಫಂಕ್ಷನ್‌ಗಳಿಂದ ಫೈಲ್ ತೆರೆಯುವ ಉಪಕರಣಕ್ಕೆ ನಿಮ್ಮ ಮನೆ ಫೋಲ್ಡರಿನ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ. ವಿಂಡೋಸ್ 10ರ 1903ನೇ ಆವೃತ್ತಿಯಿಂದ ಪ್ರತಿ ಪ್ರೋಗ್ರಾಂ ತಾನು ಯೂನಿಕೋಡ್‌ನ ಯುಟಿಎಫ್-8 ರೂಪ ಬಳಸುವುದಾಗಿ ಘೋಷಿಸಬಹುದು. ಆದರೆ ಬಿಲ್ಡ್ ಸರಪಳಿಯ ಒಂದೇ ಒಂದು ಹಳೆಯ ಕೊಂಡಿ ಸಾಕು, ಎಲ್ಲವೂ ನಿಲ್ಲುತ್ತದೆ. ಸದ್ಯಕ್ಕೆ ಡ್ರೈವಿನ ಬುಡದಲ್ಲೇ ಇಂಗ್ಲಿಷ್ ಅಕ್ಷರಗಳ ಒಂದು ಚಿಕ್ಕ ಹೆಸರಿನ ಫೋಲ್ಡರ್ ಮಾಡಿಕೊಂಡು ಅಲ್ಲಿ ಬಿಲ್ಡ್ ಮಾಡುವುದು ಮತ್ತು ತಾತ್ಕಾಲಿಕ ಫೈಲ್‌ಗಳ ಹಾದಿಯನ್ನೂ ಅಲ್ಲಿಗೇ ತಿರುಗಿಸುವುದು ಕ್ಷೇಮ. 260 ಅಕ್ಷರಗಳ ಹಾದಿ ಮಿತಿಯಿಂದಲೂ ಇದು ಕಾಪಾಡುತ್ತದೆ.

ಕೋಡಿನೊಳಗೆ ಕನ್ನಡ ವಾಕ್ಯಗಳಿದ್ದರೆ ಇನ್ನೊಂದು ಎಚ್ಚರ ಬೇಕು. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳು ಸೋರ್ಸ್ ಫೈಲನ್ನು ಯುಟಿಎಫ್-8 ಎಂದೇ ಓದುತ್ತವೆ. ಮೈಕ್ರೋಸಾಫ್ಟ್ ಕಂಪೈಲರ್‌ಗೆ ಯುಟಿಎಫ್-8 ಎಂಬ ಸೂಚನೆಯನ್ನು ಬಿಲ್ಡ್ ಫೈಲಿನಲ್ಲೇ ಸ್ಪಷ್ಟವಾಗಿ ಕೊಡಬೇಕು.

ಸಿಮೇಕ್ 4 ಹಾಕಿಕೊಂಡ ಮೇಲೆ ಹಳೆಯ ಪ್ರಾಜೆಕ್ಟ್ ಬಿಲ್ಡ್ ಆಗದೆ ನಿಂತುಬಿಟ್ಟಿದೆ. ಏನು ಮಾಡಲಿ?

2025ರ ಮಾರ್ಚಿನಲ್ಲಿ ಬಂದ 4.0 ಆವೃತ್ತಿ, 3.5ಕ್ಕಿಂತ ಹಿಂದಿನ ವರ್ತನೆಯನ್ನು ಅನುಕರಿಸುವುದನ್ನು ನಿಲ್ಲಿಸಿದೆ. ಫೈಲಿನ ಮೊದಲ ಸಾಲಿನಲ್ಲಿ ಕನಿಷ್ಠ ಆವೃತ್ತಿ 2.8 ಎಂದೋ 3.1 ಎಂದೋ ಇದ್ದರೆ ಅಲ್ಲೇ ತಡೆಯುತ್ತದೆ. ಪ್ರಾಜೆಕ್ಟ್ ನಿಮ್ಮದಾದರೆ ಆ ಸಾಲನ್ನು 3.10ರಿಂದ 4.0ರವರೆಗೆ ಎಂಬ ವ್ಯಾಪ್ತಿಯಾಗಿ ತಿದ್ದಿ, ಎಲ್ಲ ವೇದಿಕೆಗಳಲ್ಲೂ ಒಮ್ಮೆ ಬಿಲ್ಡ್ ಮಾಡಿ ನೋಡಿ. ಬೇರೆಯವರದಾದರೆ, ಕನಿಷ್ಠ ನೀತಿ ಆವೃತ್ತಿಯನ್ನು ಆಜ್ಞಾ ಸಾಲಿನಿಂದಲೇ 3.5 ಎಂದು ಹೇರುವ ಚರಾಂಕವನ್ನು ಸಿಮೇಕ್ ಒದಗಿಸಿದೆ. ಅದರ ಹೆಸರು ದೋಷ ಸಂದೇಶದಲ್ಲೇ ಇರುತ್ತದೆ.

## ಮುಂದುವರಿದ ಪ್ರಶ್ನೆಗಳು

ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿ ಆರ್ಮ್ ಬೋರ್ಡ್‌ನಲ್ಲಿ ಓಡಿಸಬೇಕು. ಯಾವ ವ್ಯವಸ್ಥೆ ಇದನ್ನು ಸರಿಯಾಗಿ ಮಾಡುತ್ತದೆ?

ಆಟೋಟೂಲ್ಸ್, ಸಿಮೇಕ್, ಮೆಸನ್ ಮೂರೂ ಮಾಡುತ್ತವೆ, ಆದರೆ ಹೆಸರುಗಳಲ್ಲಿ ಒಂದು ಬಲೆಯಿದೆ. ಆಟೋಕಾನ್ಫ್ ಮತ್ತು ಮೆಸನ್‌ಗಳಲ್ಲಿ ಹೋಸ್ಟ್ ಎಂದರೆ ತಂತ್ರಾಂಶ ಕೊನೆಗೆ ಓಡುವ ಯಂತ್ರ, ಅಂದರೆ ನಿಮ್ಮ ಬೋರ್ಡ್. ಸಿಮೇಕ್‌ನಲ್ಲಿ ಹೋಸ್ಟ್ ಎಂದರೆ ಸಿಮೇಕ್ ಓಡುತ್ತಿರುವ ಯಂತ್ರ, ಅಂದರೆ ನಿಮ್ಮ ಲ್ಯಾಪ್‌ಟಾಪ್. ಒಂದರಿಂದ ಇನ್ನೊಂದಕ್ಕೆ ಸಾಗಿಸುವವರು ಇಲ್ಲಿ ಎಡವುತ್ತಾರೆ.

ನಿಜವಾದ ಕಷ್ಟ ಎರಡು ಕಡೆ. ಪುಟ್ಟ ಪ್ರೋಗ್ರಾಂ ಅನ್ನು ಓಡಿಸಿ ಉತ್ತರ ಪಡೆಯುವ ಪರೀಕ್ಷೆಗಳು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಬೋರ್ಡಿನ ಪ್ರೋಗ್ರಾಂ ಲ್ಯಾಪ್‌ಟಾಪ್‌ನಲ್ಲಿ ಓಡುವುದಿಲ್ಲ. ಆಟೋಕಾನ್ಫ್‌ನಲ್ಲಿ ಉತ್ತರವನ್ನು ಮೊದಲೇ ಕೊಡಬೇಕು, ಬೋರ್ಡನ್ನು ಅನುಕರಿಸುವ ಉಪಕರಣವನ್ನು ಹೆಸರಿಸದಿದ್ದರೆ ಸಿಮೇಕ್ ಕೂಡ ಉತ್ತರವನ್ನು ನಿಮ್ಮಿಂದಲೇ ಕೇಳುತ್ತದೆ; ಬೋರ್ಡಿನ ವಿವರಗಳಿರುವ ಮೆಸನ್‌ನ ಕ್ರಾಸ್ ಫೈಲಿನಲ್ಲಿ ಕ್ಯೂಎಮುವನ್ನು ಹೊದಿಕೆಯಾಗಿ ಹೆಸರಿಸಿದರೆ ಅದರ ಮೂಲಕ ಓಡಿಸಿ ನೋಡುತ್ತದೆ. ಕೋಡ್ ತಯಾರಿಸುವ ಸಹಾಯಕ ಪ್ರೋಗ್ರಾಂಗಳದು ಇನ್ನೊಂದು ಕಷ್ಟ: ಅವು ಲ್ಯಾಪ್‌ಟಾಪ್‌ಗಾಗಿ ಬಿಲ್ಡ್ ಆಗಬೇಕು, ಉಳಿದದ್ದು ಬೋರ್ಡ್‌ಗಾಗಿ. ಮೆಸನ್‌ನಲ್ಲಿ ಆ ಟಾರ್ಗೆಟ್‌ಗೆ ನೇಟಿವ್ ಎಂದು ಗುರುತು ಹಾಕಿದರೆ ಸಾಕು. ಸಿಮೇಕ್ ಒಂದು ಬಿಲ್ಡ್ ಫೋಲ್ಡರಿಗೆ ಒಂದೇ ಟೂಲ್‌ಚೈನ್ (ಕಂಪೈಲರ್ ಮತ್ತು ಜೊತೆ ಉಪಕರಣಗಳ ಗುಂಪು) ಒಪ್ಪುವುದರಿಂದ ಸಹಾಯಕಗಳನ್ನು ಬೇರೆ ಫೋಲ್ಡರಿನಲ್ಲಿ ಮೊದಲೇ ಬಿಲ್ಡ್ ಮಾಡಿ ತರಬೇಕಾಗುತ್ತದೆ. ಈ ಒಂದು ವಿಷಯದಲ್ಲಿ ಮೆಸನ್ ಸ್ಪಷ್ಟವಾಗಿ ಮುಂದಿದೆ.

ಒಂದೇ ಪ್ರಾಜೆಕ್ಟ್‌ಗೆ ಎರಡು ಬಿಲ್ಡ್ ವ್ಯವಸ್ಥೆ ಇಟ್ಟುಕೊಳ್ಳುವುದು, ಒಂದರಿಂದ ಇನ್ನೊಂದಕ್ಕೆ ಹೋಗುವುದು, ಇವೆಲ್ಲ ಕೈಗೂಡುವ ಕೆಲಸವೇ?

ಪೈಥಾನ್ ಭಾಷೆಯ ಮೂಲ ತಂತ್ರಾಂಶವಾದ ಸಿಪೈಥಾನ್ ಯೂನಿಕ್ಸ್‌ನಲ್ಲಿ ಆಟೋಕಾನ್ಫ್, ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೋ ಪ್ರಾಜೆಕ್ಟ್ ಫೈಲ್‌ಗಳು ಎಂಬ ಜೋಡಿಯನ್ನು ಬಹಳ ಕಾಲದಿಂದ ನಡೆಸುತ್ತಿದೆ. ನೆಟ್‌ವರ್ಕ್‌ನಿಂದ ಫೈಲ್ ತರುವ ಕರ್ಲ್, ಆಟೋಟೂಲ್ಸ್ ಮತ್ತು ಸಿಮೇಕ್ ಎರಡನ್ನೂ ಕೊಡುತ್ತದೆ. ಹೊಸ ಸೋರ್ಸ್ ಫೈಲನ್ನು ಎರಡೂ ಕಡೆ ಸೇರಿಸಬೇಕು, ಒಂದನ್ನು ಮರೆತರೆ ಅದನ್ನು ಹಿಡಿಯುವ ಸ್ವಯಂಚಾಲಿತ ಪರೀಕ್ಷಾ ಯಂತ್ರಗಳಿರಬೇಕು; ಅಷ್ಟು ಶಿಸ್ತಿರುವ ತಂಡಕ್ಕೆ ಇದು ಕೈಗೂಡುತ್ತದೆ.

ವಲಸೆಗೆ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ಕ್ರಮ ಅನುಸರಿಸಲು ಯೋಗ್ಯ. ಅಲ್ಲಿ ಯೂನಿಕ್ಸ್‌ಗೆ ಆಟೋಕಾನ್ಫ್ ಇದ್ದರೆ, ಮೈಕ್ರೋಸಾಫ್ಟ್ ಕಂಪೈಲರ್‌ಗಾಗಿ ಪರ್ಲ್‌ನಲ್ಲಿ ಬರೆದ ಪ್ರತ್ಯೇಕ ಸ್ಕ್ರಿಪ್ಟ್‌ಗಳಿದ್ದವು. 2023ರ 16ನೇ ಆವೃತ್ತಿಯಲ್ಲಿ ಮೆಸನ್ ಸೇರಿತು, 17ರಲ್ಲಿ ವಿಂಡೋಸ್ ಸ್ಕ್ರಿಪ್ಟ್‌ಗಳು ಹೋದವು, ಆಟೋಕಾನ್ಫ್ ಉಳಿದುಕೊಂಡಿತು. ಅತಿ ಹೆಚ್ಚು ನೋವಿದ್ದ ಕಡೆ ಮೊದಲು ಬದಲಾಯಿಸಿದರು. ನೀವು ವಲಸೆ ಹೋಗುವಾಗ ಹಳೆಯದನ್ನೂ ಹೊಸದನ್ನೂ ಒಂದು ಬಿಡುಗಡೆಯ ಮಟ್ಟಿಗಾದರೂ ಜೊತೆಯಲ್ಲಿಡಿ. ಎರಡರಿಂದಲೂ ಇನ್‌ಸ್ಟಾಲ್ ಆದ ಫೈಲ್‌ಗಳ ಪಟ್ಟಿ, ತಯಾರಾದ ಕಾನ್ಫಿಗ್ ಹೆಡರ್, ಲೈಬ್ರರಿ ಹೊರಗೆ ತೋರಿಸುವ ಸಿಂಬಲ್‌ಗಳು, ಈ ಮೂರನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಕಂಪೈಲ್ ಆಯಿತೆಂಬುದು ವಲಸೆ ಮುಗಿಯಿತೆಂಬುದಕ್ಕೆ ಸಾಕ್ಷಿಯಲ್ಲ.

ಎಕ್ಸ್‌ಝೆಡ್ ಹಿಂಬಾಗಿಲು ಪ್ರಕರಣ ಆಟೋಟೂಲ್ಸ್ ಇದ್ದದ್ದಕ್ಕೇ ಆಯಿತಾ?

ಫೈಲ್ ಕುಗ್ಗಿಸುವ ಎಕ್ಸ್‌ಝೆಡ್‌ನ ಬಿಡುಗಡೆಗಳೊಳಗೆ ಗುಟ್ಟಾಗಿ ಕಳ್ಳ ಕೋಡ್ ಸೇರಿಸಿದ್ದೇ ಆ ಪ್ರಕರಣ. ಆಟೋಟೂಲ್ಸ್ ಅದಕ್ಕೆ ಕಾರಣವಲ್ಲ, ಅಡಗಲು ಜಾಗ ಕೊಟ್ಟಿತು. 5.6.0 ಮತ್ತು 5.6.1 ಆವೃತ್ತಿಗಳ ಟಾರ್‌ಬಾಲ್‌ನಲ್ಲಿ (ಬಿಡುಗಡೆಗಾಗಿ ಕಟ್ಟಿದ ಸೋರ್ಸ್ ಕೋಡ್ ಗಂಟಿನಲ್ಲಿ) ಇದ್ದ ಒಂದು ಎಂ4 ಫೈಲ್, ಗಿಟ್ ರೆಪೊಸಿಟರಿಯಲ್ಲಿ ಇರಲಿಲ್ಲ. ಪರೀಕ್ಷಾ ದತ್ತಾಂಶದಂತೆ ಕಾಣುತ್ತಿದ್ದ ಫೈಲ್‌ಗಳಿಂದ ಕಳ್ಳ ಕೋಡನ್ನು ಬಿಚ್ಚಿ ಬಿಲ್ಡ್‌ಗೆ ಸೇರಿಸುವ ಕೆಲಸವನ್ನು ಅದು ಶುರುಮಾಡುತ್ತಿತ್ತು. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಲಾಗಿನ್ ಆಗುವುದು ತುಸು ನಿಧಾನವಾದದ್ದನ್ನು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರೊಯಿಂಡ್ 2024ರ ಮಾರ್ಚ್ 29ರಂದು ಇದನ್ನು ಬಹಿರಂಗಪಡಿಸಿದರು. ಆಟೋಟೂಲ್ಸ್ ಟಾರ್‌ಬಾಲ್‌ನಲ್ಲಿ ರೆಪೊಸಿಟರಿಯಲ್ಲಿ ಇಲ್ಲದ, ಯಂತ್ರ ಬರೆದ ಸಾವಿರಾರು ಸಾಲುಗಳಿರುವುದು ಮಾಮೂಲಿಯಾದ್ದರಿಂದ ಯಾರೂ ಹೋಲಿಸಿ ನೋಡುತ್ತಿರಲಿಲ್ಲ. ಬಿಡುಗಡೆಯ ಟಾರ್‌ಬಾಲ್ ಗಿಟ್ ಟ್ಯಾಗಿನಿಂದ ಯಾರು ತಯಾರಿಸಿದರೂ ಒಂದೇ ಬರುವಂತೆ ಇಟ್ಟುಕೊಂಡರೆ ಅಂತರ ಕಣ್ಣಿಗೆ ಬೀಳುತ್ತದೆ. ಸಿಮೇಕ್ ಮತ್ತು ಮೆಸನ್‌ಗಳಲ್ಲಿ ಇದು ಸುಲಭ, ಆಟೋಟೂಲ್ಸ್‌ನಲ್ಲಿ ಪ್ಯಾಕೇಜ್ ನಿರ್ವಾಹಕರೇ ಕಾನ್ಫಿಗರ್ ಸ್ಕ್ರಿಪ್ಟನ್ನು ಹೊಸದಾಗಿ ತಯಾರಿಸಿಕೊಂಡು ರೆಪೊಸಿಟರಿಯಿಂದಲೇ ಬಿಲ್ಡ್ ಮಾಡಬೇಕು.

ಸಿ++20 ಮಾಡ್ಯೂಲ್‌ಗಳನ್ನು ಬಳಸಬೇಕೆಂದಿದ್ದೇನೆ. ಆಯ್ಕೆ ಬದಲಾಗುತ್ತದೆಯೇ?

ಬದಲಾಗುತ್ತದೆ. ಹೆಡರ್‌ಗಳ ಕಾಲದಲ್ಲಿ ಸೋರ್ಸ್ ಫೈಲ್‌ಗಳನ್ನು ಯಾವ ಕ್ರಮದಲ್ಲಾದರೂ ಕಂಪೈಲ್ ಮಾಡಬಹುದಿತ್ತು. ಮಾಡ್ಯೂಲ್‌ಗಳಲ್ಲಿ ಒಂದನ್ನು ಆಮದು ಮಾಡುವ ಫೈಲ್ ಅದರ ನಂತರವೇ ಕಂಪೈಲ್ ಆಗಬೇಕು. ಆ ಕ್ರಮ ಗೊತ್ತಾಗಲು ಬಿಲ್ಡ್‌ನ ನಡುವೆಯೇ ಪ್ರತಿ ಫೈಲನ್ನೂ ಸ್ಕ್ಯಾನ್ ಮಾಡಬೇಕಾಗುತ್ತದೆ. ಸಿಮೇಕ್ ಇದನ್ನು 3.28ನೇ ಆವೃತ್ತಿಯಿಂದ ಪೂರ್ಣವಾಗಿ ಬೆಂಬಲಿಸುತ್ತದೆ, ಆದರೆ ನಿಂಜಾ ಅಥವಾ ವಿಷುವಲ್ ಸ್ಟುಡಿಯೋ ಮೂಲಕ ಮಾತ್ರ; ಮೇಕ್‌ಫೈಲ್ ದಾರಿಯಲ್ಲಿ ಇಲ್ಲ. ಕಂಪೈಲರ್‌ಗಳಲ್ಲಿ ಕ್ಲ್ಯಾಂಗ್ 16, ಜಿಸಿಸಿ 14 ಅಥವಾ ವಿಷುವಲ್ ಸ್ಟುಡಿಯೋ 2022ರ ಇತ್ತೀಚಿನ ಆವೃತ್ತಿ ಬೇಕು. ಮೆಸನ್ ಈ ವಿಷಯದಲ್ಲಿ ಹಿಂದುಳಿದಿದೆ, ಆಟೋಟೂಲ್ಸ್‌ನಲ್ಲಿ ಕೈಯಿಂದಲೇ ಕ್ರಮ ಬರೆಯಬೇಕು. ಮಾಡ್ಯೂಲ್‌ನ ಕಂಪೈಲ್ ಆದ ರೂಪ ಒಂದು ಕಂಪೈಲರ್‌ನಿಂದ ಇನ್ನೊಂದಕ್ಕೆ ಸಾಗುವುದಿಲ್ಲ, ಅದೇ ಕಂಪೈಲರ್‌ನ ಬೇರೆ ಆವೃತ್ತಿಗೂ ಸಾಗುವ ಭರವಸೆಯಿಲ್ಲ. ಆದ್ದರಿಂದ ಇತರರು ಬಳಸುವ ಲೈಬ್ರರಿಯಾದರೆ ಹೆಡರ್‌ಗಳನ್ನೂ ಉಳಿಸಿಕೊಳ್ಳಿ, ಮಾಡ್ಯೂಲ್‌ನ ಸೋರ್ಸ್ ಫೈಲನ್ನೂ ಇನ್‌ಸ್ಟಾಲ್ ಮಾಡಿ. ಬಳಸುವವರ ಬಿಲ್ಡ್ ಅದನ್ನು ತಮ್ಮ ಕಂಪೈಲರ್‌ನಿಂದ ಹೊಸದಾಗಿ ಕಂಪೈಲ್ ಮಾಡಿಕೊಳ್ಳುತ್ತದೆ.